ಮಳೆಗೆ ಕರ್ತೃ ಬೇಕೇ?

ಎರಡು ಸಂಚಿಕೆಗಳ ಹಿಂದೆ ಓದುಗರೊಬ್ಬರು ‘ಯಾರೂ ಹುಟ್ಟಿನಿಂದ ಆಡದ, ಒಬ್ಬರೇ ಕೂತು ಕಟ್ಟಿದ ಭಾಷೆ ಇದೆಯೇ’ ಎಂದು ಕೇಳಿದ್ದರು. ಎಸ್ಪೆರಾಂತೋ ಬಗ್ಗೆ ನಾಲ್ಕು ಮಾತು ಬರೆದಿದ್ದೆ. 1887ರಲ್ಲಿ ವಾರ್ಸಾದಲ್ಲಿ ಕಣ್ಣಿನ ವೈದ್ಯ ಜಾಮೆನ್‌ಹಾಫ್ ಅದರ ಮೊದಲ ಪುಸ್ತಕ ಹೊರತಂದದ್ದು, ಬೇರೆ ಬೇರೆ ದೇಶದವರು ಸಮಾನವಾಗಿ ನಿಂತು ಮಾತಾಡಲಿ ಎಂಬುದು ಅವನ ಆಸೆಯಾಗಿದ್ದದ್ದು, ನಾನೂ ಮೂವತ್ತು ದಾಟುವ ಹೊತ್ತಿಗೆ ಅದನ್ನು ಕಲಿತದ್ದು, ಇಷ್ಟೇ. ಅದಕ್ಕೆ ಬಂದ ಪತ್ರಗಳಲ್ಲಿ ನಾಲ್ಕು ಪತ್ರ ಒಂದೇ ವಿಷಯ ಹಿಡಿದಿವೆ: ಮಳೆ, ಸೆಕೆ, ಚಳಿ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವಕ್ಕೇ ಕೂತಿದ್ದೇನೆ.

ಪ್ರಶ್ನೆ: ಟೀಚರ್, ನಿಮ್ಮ ಉತ್ತರ ಓದಿ ಫೋನಿನಲ್ಲಿ ಎಸ್ಪೆರಾಂತೋ ಕಲಿಯಲು ಶುರು ಮಾಡಿದೆ. ಹವೆಯ ಪಾಠದಲ್ಲಿ ಸಿಕ್ಕಿಕೊಂಡಿದ್ದೇನೆ. ‘ಮಳೆ ಬರುತ್ತಿದೆ’ ಅನ್ನಲು ‘ಪ್ಲೂವಾಸ್’ ಎಂಬ ಒಂದೇ ಪದ. ಕರ್ತೃ ಎಲ್ಲಿ? ‘ಸೆಕೆಯಾಗಿದೆ’ ಅನ್ನಲು ‘ಎಸ್ತಾಸ್ ವಾರ್ಮಾ’ ಎಂದು ಬರೆದರೆ ಕೆಂಪು ಗುರುತು, ‘ಎಸ್ತಾಸ್ ವಾರ್ಮೆ’ ಅಂದರೆ ಹಸಿರು. ಆದರೆ ಕಾಫಿ ಬಿಸಿಯಾಗಿದೆ ಅನ್ನುವಾಗ ‘ವಾರ್ಮಾ’ನೇ ಸರಿಯಂತೆ. ಒಂದು ಅಕ್ಷರಕ್ಕೆ ಇಷ್ಟು ಹಠ ಯಾಕೆ? ಮತ್ತೆ, ನಮ್ಮ ಉಡುಪಿಯವರು ದಿನಕ್ಕೆ ಹತ್ತು ಸಲ ಹೇಳುವ ‘ನಂಗೆ ಸೆಕೆ’ ಅನ್ನುವುದನ್ನು ಹೇಗೆ ಹೇಳುವುದು?
– ಓದುಗಿ, ಉಡುಪಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನಮ್ಮ. ಅದರಲ್ಲೇ ನಾನೂ ಎಡವಿದ್ದೆ.

1984ರಲ್ಲಿ ನಾನು ಸಾಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಎಸ್ಪೆರಾಂತೋ ಕಲಿತವರಿಗೆ ಆಗ ಮಾತಾಡಲು ಇದ್ದ ದಾರಿ ಅಂಚೆಯೊಂದೇ. ಪೋಲೆಂಡಿನ ಲೂಬ್ಲಿನ್ ಊರಿನ ಒಬ್ಬ ಶಾಲಾ ಶಿಕ್ಷಕಿ ನನ್ನ ಪತ್ರಮಿತ್ರೆ. ಕಾಗದ ಹೋಗಲು ಮೂರು ವಾರ, ಬರಲು ಮೂರು ವಾರ. ಏಪ್ರಿಲಿನ ಒಂದು ಮಧ್ಯಾಹ್ನ ಕರೆಂಟ್ ಇಲ್ಲದೆ ಬೆವರು ಸುರಿಸುತ್ತಾ ಬರೆದೆ: ‘ಮಿ ಎಸ್ತಾಸ್ ತ್ರೆ ವಾರ್ಮಾ.’ ನನಗೆ ತುಂಬ ಸೆಕೆಯಾಗುತ್ತಿದೆ ಎಂದು ಬರೆದ ಹಾಗೆ ನನ್ನ ಲೆಕ್ಕ. ಒಂದೂವರೆ ತಿಂಗಳ ಮೇಲೆ ಉತ್ತರ ಬಂತು. ಮೊದಲ ಸಾಲಿನಲ್ಲೇ, ಜ್ವರ ಇಳಿಯಿತೇ, ವೈದ್ಯರಿಗೆ ತೋರಿಸಿದಿರಾ ಎಂದು ಕೇಳಿದ್ದರು. ಲಿಂಡನ್ ಹೂವಿನ ಕಷಾಯ ಕುಡಿಯಿರಿ ಎಂದೂ ಬರೆದು, ಕಾಗದದ ಜೊತೆ ಆ ಒಣ ಹೂವನ್ನೂ ಒಂದು ಚಿಟಿಕೆ ಇಟ್ಟಿದ್ದರು. ನಾನು ಬರೆದದ್ದನ್ನು ಅವರು ‘ನನ್ನ ಮೈ ಸುಡುತ್ತಿದೆ’ ಎಂದು ಓದಿಕೊಂಡಿದ್ದರು. ಆ ಹೂವು ಈಗಲೂ ನನ್ನ ಹಳೆಯ ನಿಘಂಟಿನ ಮಧ್ಯೆ ಇದೆ.

ತಪ್ಪು ಎಲ್ಲಿಂದ ಬಂತು ಎಂದು ಆಮೇಲೆ ಯೋಚಿಸಿದೆ. ನಾನು ಕಲಿತದ್ದು ಇಂಗ್ಲಿಷ್ ಮೂಲಕ ಎಸ್ಪೆರಾಂತೋ ಕಲಿಸುವ ಪುಸ್ತಕದಿಂದ. ‘ಐ ಆಮ್ ಹಾಟ್’ ಅನ್ನುವುದನ್ನು ಪದಕ್ಕೆ ಪದ ಇಟ್ಟು ಕಟ್ಟಿದ್ದೆ. ಹಾಗೆ ಬರೆಯುವ ಎಸ್ಪೆರಾಂತೋದವರು ಇಲ್ಲದಿಲ್ಲ, ಅರ್ಥವೂ ಆಗುತ್ತದೆ, ಆದರೆ ಜ್ವರದ ಅನುಮಾನ ಅದರೊಳಗೆ ಕೂತೇ ಇರುತ್ತದೆ. ಅನುಮಾನಕ್ಕೆ ಜಾಗವಿಲ್ಲದ ಮಾತು ಇದು: ‘ಎಸ್ತಾಸ್ ಆಲ್ ಮಿ ವಾರ್ಮೆ.’ ಇದರಲ್ಲಿ ‘ಮಿ’ ಅಂದರೆ ನಾನು, ‘ಆಲ್ ಮಿ’ ಅಂದರೆ ನನಗೆ. ನಮ್ಮ ಗೆ-ಕೆ-ಇಗೆ, ಅದೇ ಚತುರ್ಥಿ ವಿಭಕ್ತಿ! ‘ನಂಗೆ ಸೆಕೆ’ ಎಂದು ನೀವು ದಿನಕ್ಕೆ ಹತ್ತು ಸಲ ಹೇಳುವ ವಾಕ್ಯದ ಬೆನ್ನೆಲುಬೂ ಇದೇ. ನಾನು ಕನ್ನಡದಲ್ಲಿ ಯೋಚಿಸಿ ಬರೆದಿದ್ದರೆ ಆ ಕಾಗದ ಸರಿಯಾಗಿಯೇ ಹೋಗುತ್ತಿತ್ತು.

ಇದು ಆಕಸ್ಮಿಕವಲ್ಲ. ಜಾಮೆನ್‌ಹಾಫ್ ಹುಟ್ಟಿದ್ದು 1859ರಲ್ಲಿ, ಬ್ಯಾಲಿಸ್ತೋಕ್ ಎಂಬ ಊರಿನಲ್ಲಿ. ಈಗ ಅದು ಪೋಲೆಂಡಿನಲ್ಲಿದೆ, ಆಗ ರಷ್ಯಾದ ಚಕ್ರವರ್ತಿಯ ಕೆಳಗಿತ್ತು. ಬೀದಿಯಲ್ಲಿ ರಷ್ಯನ್, ಪೋಲಿಷ್, ಜರ್ಮನ್, ಯಿದ್ದಿಷ್ ನಾಲ್ಕೂ ಕೇಳಿಸುತ್ತಿದ್ದವು. ಚಳಿಯಾದಾಗ ರಷ್ಯನ್ನರು ‘ಮ್ನೆ ಖೋಲದ್ನ’ ಅನ್ನುತ್ತಾರೆ, ಅಂದರೆ ನನಗೆ ಚಳಿ. ಪೋಲಿಷರು ‘ಜಿಮ್ನೊ ಮಿ’ ಅನ್ನುತ್ತಾರೆ, ಅದೂ ನನಗೆ ಚಳಿ. ಜರ್ಮನ್ನರು ‘ಮೀರ್ ಇಸ್ಟ್ ಕಾಲ್ಟ್’, ಯಿದ್ದಿಷ್ ಆಡುವವರು ‘ಮಿರ್ ಇಜ್ ಕಾಲ್ಟ್’. ನನಗೆ, ನನಗೆ, ನನಗೆ. ಆ ಹುಡುಗನ ಕಿವಿಯ ಸುತ್ತ ಇದ್ದ ಅಷ್ಟೂ ಭಾಷೆಗಳಲ್ಲಿ ಚಳಿ ಮನುಷ್ಯನಿಗೆ ಆಗುವಂಥದ್ದು. ಮನುಷ್ಯನೇ ಚಳಿ ಅಲ್ಲ. ‘ನಾನು ಚಳಿಯಾಗಿದ್ದೇನೆ’ ಅನ್ನುವ ಇಂಗ್ಲಿಷಿನ ಕ್ರಮವೇ ಆ ಗುಂಪಿನಲ್ಲಿ ಒಂಟಿ. ಕನ್ನಡದ ಮಕ್ಕಳಿಗೆ ಎಸ್ಪೆರಾಂತೋವನ್ನು ಇಂಗ್ಲಿಷಿನ ಕಿಟಕಿಯಿಂದ ತೋರಿಸಬಾರದು ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ಈಗ ಒಂದಕ್ಷರದ ಹಠಕ್ಕೆ ಬರೋಣ. ಎಸ್ಪೆರಾಂತೋದಲ್ಲಿ ‘-ಆ’ ಕೊನೆಗೆ ಬಂದರೆ ಗುಣವಾಚಕ, ‘-ಎ’ ಬಂದರೆ ಕ್ರಿಯಾವಿಶೇಷಣ. ಗುಣ ಎಂದ ಮೇಲೆ ಅದು ಯಾವುದಾದರೊಂದು ವಸ್ತುವಿನ ಗುಣವಾಗಿರಬೇಕು. ಕಾಫಿ ಇದೆ, ಅದು ಬಿಸಿ: ‘ಲಾ ಕಾಫೋ ಎಸ್ತಾಸ್ ವಾರ್ಮಾ’. ಹವೆ ಎಂಬ ಪದವನ್ನು ಬಾಯಿಬಿಟ್ಟು ಹೇಳಿದರೂ ಹಾಗೇ: ‘ಲಾ ವೆತೇರೋ ಎಸ್ತಾಸ್ ವಾರ್ಮಾ’. ಆದರೆ ಸುಮ್ಮನೆ ‘ಸೆಕೆಯಾಗಿದೆ’ ಅಂದಾಗ ಯಾವುದು ಸೆಕೆ? ಗಾಳಿಯೇ, ಕೋಣೆಯೇ, ಮಧ್ಯಾಹ್ನವೇ? ಹೇಳುವವರೂ ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರುವುದಿಲ್ಲ. ಗುಣ ಹೊರುವ ವಸ್ತುವೇ ಇಲ್ಲದಿದ್ದಾಗ ‘-ಆ’ಗೆ ನಿಲ್ಲಲು ನೆಲವಿಲ್ಲ. ಅದಕ್ಕೇ ‘-ಎ’. ನಾನು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಉಪಾಯ ಸರಳ: ‘ಯಾವುದು?’ ಎಂದು ಕೇಳಿ. ವಾಕ್ಯದೊಳಗೆ ಉತ್ತರ ಸಿಕ್ಕರೆ ‘-ಆ’, ಸಿಗದಿದ್ದರೆ ‘-ಎ’.

ಇಲ್ಲಿ ಮಾತ್ರ ಕನ್ನಡ ನಿಮ್ಮನ್ನು ದಾರಿ ತಪ್ಪಿಸಬಹುದು. ನಾವು ‘ಕಾಫಿ ಬಿಸಿಯಾಗಿದೆ’ ಅನ್ನುತ್ತೇವೆ, ‘ಹೊರಗೆ ತಣ್ಣಗಿದೆ’ ಅನ್ನುತ್ತೇವೆ. ಎರಡರಲ್ಲೂ ‘ಆಗಿ’, ‘ಗೆ’ ಸೇರಿದ ಕ್ರಿಯಾವಿಶೇಷಣದ ರೂಪವೇ. ವಸ್ತು ಇದೆಯೋ ಇಲ್ಲವೋ ಎಂದು ಕನ್ನಡ ಲೆಕ್ಕಿಸುವುದಿಲ್ಲ. ಆದ್ದರಿಂದ ಕನ್ನಡದಿಂದ ನೇರ ಹೋದವರು ‘ಲಾ ಕಾಫೋ ಎಸ್ತಾಸ್ ವಾರ್ಮೆ’ ಎಂದು ಬರೆದುಬಿಡುತ್ತಾರೆ. ನೀವು ಮಾಡಿದ್ದು ಇಂಗ್ಲಿಷಿನ ತಪ್ಪು, ಇದು ಕನ್ನಡದ ತಪ್ಪು. ಎರಡಕ್ಕೂ ‘ಯಾವುದು?’ ಎಂಬ ಪ್ರಶ್ನೆಯೇ ಮದ್ದು.

ಇದರ ಹಿಂದೆ ಇನ್ನೂ ಒಂದು ಸೊಗಸಾದ ವಿಚಾರವಿದೆ. ಬಿಸಿ-ತಂಪಿನ ಮಾತನ್ನು ಭಾಷಾಶಾಸ್ತ್ರಜ್ಞರು ಮೂರು ಬಗೆಯಾಗಿ ನೋಡುತ್ತಾರೆ: ಮುಟ್ಟಿ ತಿಳಿಯುವುದು, ಸುತ್ತಲಿನ ಹವೆಯಲ್ಲಿ ಇರುವುದು, ಮೈಗೆ ಅನುಭವವಾಗುವುದು. ಕನ್ನಡ ಇದನ್ನು ಪದ ಬದಲಿಸಿ ತೋರಿಸುತ್ತದೆ. ಮುಟ್ಟಿದ ನೀರು ಬಿಸಿ, ಅದನ್ನು ಯಾರೂ ಸೆಕೆ ಅನ್ನುವುದಿಲ್ಲ. ಮಧ್ಯಾಹ್ನದ ಕೋಣೆಯಲ್ಲಿ ಸೆಕೆ. ಫ್ರಿಜ್ಜಿನಿಂದ ತೆಗೆದ ಮಜ್ಜಿಗೆ ತಣ್ಣಗಿರುತ್ತದೆ, ಮಜ್ಜಿಗೆಗೆ ಚಳಿ ಇಲ್ಲ. ಚಳಿ ಇರುವುದು ಹೊರಗಿನ ಗಾಳಿಗೆ ಮತ್ತು ನಮ್ಮ ಮೈಗೆ. ಎಸ್ಪೆರಾಂತೋಗೆ ಇರುವುದು ‘ವಾರ್ಮ್’ ಎಂಬ ಒಂದೇ ಬೇರು. ಅದು ಪದ ಬದಲಿಸುವುದಿಲ್ಲ, ಬಾಲ ಬದಲಿಸುತ್ತದೆ. ವಾರ್ಮಾ ಅಂದರೆ ಮುಟ್ಟಿದ್ದು, ವಾರ್ಮೆ ಅಂದರೆ ಸುತ್ತಲಿನದು, ಆಲ್ ಮಿ ವಾರ್ಮೆ ಅಂದರೆ ಮೈಗೆ ಆದದ್ದು. ನಾವು ನಿಘಂಟಿನಲ್ಲಿ ಇಟ್ಟುಕೊಂಡ ಭೇದವನ್ನು ಜಾಮೆನ್‌ಹಾಫ್ ವ್ಯಾಕರಣದಲ್ಲಿ ಇಟ್ಟ. ಆ ಒಂದಕ್ಷರ ಹೊರುವ ಹೊರೆ ಇಷ್ಟು ದೊಡ್ಡದು. ನಿಮ್ಮ ಫೋನು ಹಠ ಮಾಡಿದ್ದು ಸರಿ.

ಇನ್ನು ‘ಪ್ಲೂವಾಸ್’. ಯುರೋಪಿನಲ್ಲಿ ಮಳೆಯ ಮಾತಿಗೆ ಹಲವು ದಾರಿಗಳಿವೆ. ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರೂ ಕರ್ತೃವಿನ ಜಾಗದಲ್ಲಿ ಒಂದು ಹುಸಿ ಸರ್ವನಾಮವನ್ನು ಕೂರಿಸುತ್ತವೆ, ‘ಅದು ಸುರಿಯುತ್ತದೆ’ ಅನ್ನುವ ಹಾಗೆ. ಆ ‘ಅದು’ ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ಇಟಾಲಿಯನ್ನರು ‘ಪ್ಯೋವೆ’ ಎಂದು ಬರಿಯ ಕ್ರಿಯಾಪದ ಹೇಳಿ ಮುಗಿಸುತ್ತಾರೆ. ರಷ್ಯನ್ನರಿಗೆ ಮಳೆಯೇ ಕರ್ತೃ, ಅದು ನಡೆದು ಬರುತ್ತದೆ, ನಮ್ಮ ‘ಮಳೆ ಬರುತ್ತಿದೆ’ಗೆ ತೀರಾ ಹತ್ತಿರ. ಎಸ್ಪೆರಾಂತೋಗಿಂತ ಕೆಲವೇ ವರ್ಷ ಮೊದಲು ಶ್ಲಾಯರ್ ಎಂಬ ಜರ್ಮನ್ ಪಾದ್ರಿ ವೊಲಾಪ್ಯೂಕ್ ಎಂಬ ಭಾಷೆ ಕಟ್ಟಿದ್ದ. ಅದರಲ್ಲಿ ಮಳೆ ಬರುತ್ತದೆ ಅನ್ನಲು ‘ರೈನೋಸ್’. ಕೊನೆಯ ‘ಓಸ್’ ಇದೆಯಲ್ಲ, ಅದು ಹೆಸರಿಲ್ಲದ ಆ ‘ಅದು’ವಿಗೆಂದೇ ಇಟ್ಟ ಪ್ರತ್ಯಯ. ಹೊಸ ಭಾಷೆ ಕಟ್ಟುವಾಗಲೂ ಜರ್ಮನ್ನಿನ ಖಾಲಿ ಕುರ್ಚಿಯನ್ನು ಶ್ಲಾಯರ್ ಬಿಡಲಿಲ್ಲ. ಜಾಮೆನ್‌ಹಾಫ್ ಕುರ್ಚಿಯನ್ನೇ ಎತ್ತಿ ಹೊರಗಿಟ್ಟ. ಕರ್ತೃ ಇಲ್ಲದ ಕಡೆ ಇಲ್ಲ ಅಂತಲೇ ಹೇಳುವುದು, ನಾಟಕ ಬೇಡ. ಈ ಪ್ರಾಮಾಣಿಕತೆ ನನಗೆ ಮೊದಲ ದಿನದಿಂದ ಇಷ್ಟ.

ಅದೊಂದು ಕ್ರಿಯಾಪದ ಕೈಗೆ ಬಂದರೆ ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ. ಪ್ಲೂವಿಸ್, ಮಳೆ ಬಂತು. ಪ್ಲೂವೋಸ್, ಮಳೆ ಬರುತ್ತದೆ, ನಾಳೆಗೆ. ಪ್ಲುವೇತಾಸ್, ಹನಿ ಹಾಕುತ್ತಿದೆ. ಪ್ಲುವೇಗಾಸ್, ಜಡಿಮಳೆ. ಪ್ಲೂವು, ಮಳೆ ಬರಲಿ! ಮಳೆಗಾಗಿ ಗುರ್ಜಿ ಹೊತ್ತು ಮನೆಮನೆಗೆ ಹೋಗುವ ಮಕ್ಕಳ ಹಾರೈಕೆ ಈ ಎರಡಕ್ಷರದಲ್ಲಿ ಬಂತು. ಆದರೆ ಅಲ್ಲಿ ಮಕ್ಕಳು ಕರೆಯುವುದು ಮಳೆರಾಯನನ್ನು. ನಮ್ಮಲ್ಲಿ ಮಳೆಗೆ ಕರ್ತೃ ಮಾತ್ರವಲ್ಲ, ಪಟ್ಟವೂ ಇದೆ. ಅದು ಎಸ್ಪೆರಾಂತೋದಲ್ಲಿ ಬರುವುದಿಲ್ಲ, ಆ ಕೊರತೆ ನನಗೆ ಕಾಡುತ್ತದೆ.

ಕನ್ನಡದಲ್ಲಿ ಕರ್ತೃ ಇಲ್ಲದ ಮಾತೇ ಇಲ್ಲ ಎಂದುಕೊಳ್ಳಬೇಡಿ. ಬೆಳಗಾಯಿತು. ಕತ್ತಲಾಯಿತು. ಏನು ಬೆಳಗಾಯಿತು, ಯಾವುದು ಕತ್ತಲಾಯಿತು? ಯಾವುದೂ ಅಲ್ಲ. ಎಸ್ಪೆರಾಂತೋದಲ್ಲಿ ಹಗಲು ‘ತಾಗೋ’. ಅದಕ್ಕೆ ಆಗುವಿಕೆಯ ಪ್ರತ್ಯಯ ‘ಈಜ್’ ಸೇರಿಸಿದರೆ ‘ತಾಗೀಜಿಸ್’, ಬೆಳಗಾಯಿತು. ರಾತ್ರಿ ‘ನೋಕ್ತೋ’, ‘ನೊಕ್ತೀಜಿಸ್’ ಅಂದರೆ ರಾತ್ರಿಯಾಯಿತು. ಆ ‘ಈಜ್’ ನಮ್ಮ ‘ಆಗು’. ಅದರ ಜೋಡಿ ‘ಈಗ್’ ನಮ್ಮ ‘ಮಾಡು’ ಅಥವಾ ‘ಇಸು’: ವಾರ್ಮೀಜಾಸ್, ಬಿಸಿಯಾಗುತ್ತಿದೆ, ವಾರ್ಮೀಗಾಸ್, ಬಿಸಿ ಮಾಡುತ್ತಿದ್ದಾರೆ. ಇಂಗ್ಲಿಷಿನಿಂದ ಬಂದವರು ಈ ಜೋಡಿಯಲ್ಲಿ ತಿಂಗಳುಗಟ್ಟಲೆ ತಡವರಿಸುತ್ತಾರೆ. ನಿಮಗೆ ಒಂದು ಸಂಜೆ ಸಾಕು.

ಪ್ರಶ್ನೆ: ಕೃಷಿ ಇಲಾಖೆಯಲ್ಲಿದ್ದು ನಿವೃತ್ತನಾದವನು ನಾನು. ಮೊಮ್ಮಗಳು ಎಸ್ಪೆರಾಂತೋ ಕಲೀಲಿಕ್ಕತ್ತಾಳ. ಥಂಡಿಗೆ ಏನಂತಾರ ಅಂತ ಕೇಳಿದೆ. ‘ಮಾಲ್ವಾರ್ಮಾ’, ಅಂದ್ರ ಬೆಚ್ಚಗಲ್ಲದ್ದು ಅಂದಳು. ಥಂಡಿಗೆ ಸ್ವಂತ ಹೆಸರೇ ಇಲ್ಲೇನು? ಇದು ಯಾವ ನ್ಯಾಯರೀ?
– ಹಿರಿಯ ಓದುಗರು, ಧಾರವಾಡ

ಉತ್ತರ: ರಾಯರೇ, ನಿಮ್ಮ ಅಸಮಾಧಾನದಲ್ಲಿ ನೀವು ಒಬ್ಬರೇ ಅಲ್ಲ. 1907ರಲ್ಲಿ ಎಸ್ಪೆರಾಂತೋವನ್ನು ತಿದ್ದುತ್ತೇವೆ ಎಂದು ಹೊರಟ ಗುಂಪು ‘ಈದೋ’ ಎಂಬ ಇನ್ನೊಂದು ಭಾಷೆಯನ್ನೇ ಕಟ್ಟಿತು. ಅವರು ಚಳಿಗೆ ‘ಕೋಲ್ದಾ’ ಎಂಬ ಸ್ವಂತ ಪದ ಇಟ್ಟರು. ಎಸ್ಪೆರಾಂತೋದ ಕವಿಗಳಿಗೂ ‘ಮಾಲ್ವಾರ್ಮಾ’ ಸಾಲಲಿಲ್ಲ. ಅವರು ‘ಫ್ರೀದಾ’ ಎಂಬ ಚಿಕ್ಕ ಪದ ತಂದುಕೊಂಡರು. ಅದು ಕವಿತೆಯಲ್ಲೇ ಉಳಿಯಿತು, ಮಾತಿಗೆ ಇಳಿಯಲಿಲ್ಲ.

ಜಾಮೆನ್‌ಹಾಫ್‌ನ ಕಡೆಯಿಂದ ಹೇಳುವುದಾದರೆ, ಅವನು ಕಲಿಯುವವರ ತಲೆಹೊರೆ ಇಳಿಸಲು ಹೊರಟವನು. ‘ಮಾಲ್’ ಎಂಬ ಒಂದು ಉಪಸರ್ಗ ಕೊಟ್ಟರೆ ನೂರಾರು ಪದಗಳನ್ನು ಬಾಯಿಪಾಠ ಮಾಡುವುದು ತಪ್ಪುತ್ತದೆ. ಅದು ಬರಿಯ ‘ಅಲ್ಲ’ ಅನ್ನುವ ಅರ್ಥದ್ದಲ್ಲ, ಮೊಮ್ಮಗಳಿಗೆ ಇದನ್ನು ಹೇಳಿ. ಬೆಚ್ಚಗಲ್ಲದ್ದು ಅಂದರೆ ಉಗುರುಬೆಚ್ಚಗಿನದೂ ಆಗಬಹುದು. ‘ಮಾಲ್’ ಹಾಗಲ್ಲ, ಅದು ನೇರ ಎದುರುಬದಿಗೆ ಕರೆದೊಯ್ಯುತ್ತದೆ. ದೊಡ್ಡದು ‘ಗ್ರಾಂದಾ’, ಸಣ್ಣದು ‘ಮಾಲ್ಗ್ರಾಂದಾ’. ಅದರ ಜೊತೆ ಹಿಗ್ಗಿಸುವ ‘ಏಗ್’, ಕುಗ್ಗಿಸುವ ‘ಏತ್’ ಸೇರಿದರೆ ಒಂದೇ ಬೇರಿನಿಂದ ಆರು ಮೆಟ್ಟಿಲ ಏಣಿ ಸಿಗುತ್ತದೆ: ವಾರ್ಮೇಗಾ, ವಾರ್ಮಾ, ವಾರ್ಮೇತಾ, ಮಾಲ್ವಾರ್ಮೇತಾ, ಮಾಲ್ವಾರ್ಮಾ, ಮಾಲ್ವಾರ್ಮೇಗಾ. ಕೆಂಡದಂಥ ಬಿಸಿಯಿಂದ ಎಲುಬು ಕೊರೆಯುವ ಥಂಡಿಯ ತನಕ. ಭೌತಶಾಸ್ತ್ರದವರನ್ನು ಕೇಳಿದರೆ ಅವರೂ ಅವನ ಪರ ನಿಲ್ಲುತ್ತಾರೆ. ಶಾಖ ಇದೆ, ಇಲ್ಲವಾದರೆ ಕಡಿಮೆ ಇದೆ. ಚಳಿ ಎಂಬ ಬೇರೆ ಪದಾರ್ಥವಿಲ್ಲ.

ಆದರೂ ನನ್ನ ಮನಸ್ಸು ನಿಮ್ಮ ಕಡೆಗೇ ಇದೆ. ಕನ್ನಡದಲ್ಲಿ ಚಳಿ ಕೊರತೆಯಲ್ಲ, ಬಂದು ಮೈಮೇಲೆ ಕೂರುವ ವಸ್ತು. ಚಳಿ ಬರುತ್ತದೆ, ಹಿಡಿಯುತ್ತದೆ, ಕೊರೆಯುತ್ತದೆ, ಬಿಡುತ್ತದೆ. ಸಂಕೋಚ ಬಿಟ್ಟವರು ಮೈಚಳಿ ಬಿಟ್ಟು ನಿಲ್ಲುತ್ತಾರೆ, ಗದರಿದರೆ ಚಳಿ ಬಿಡಿಸಿದರು ಅನ್ನುತ್ತೇವೆ. ನಿಮ್ಮ ಕಡೆ ಥಂಡಿ ಹತ್ತುತ್ತದೆ. ಇಷ್ಟು ಕ್ರಿಯಾಪದಗಳನ್ನು ಕಟ್ಟಿಕೊಂಡ ಒಂದು ವಸ್ತುವನ್ನು ಬೇರೊಂದರ ಎದುರುಬದಿ ಎಂದು ಕರೆದರೆ ನಮ್ಮ ಕಿವಿಗೆ ಒಪ್ಪುವುದಿಲ್ಲ. ಎಸ್ಪೆರಾಂತೋದ ಮೂಲ ಅಭ್ಯಾಸ ಪುಸ್ತಕದಲ್ಲಿ ಒಂದು ವಾಕ್ಯವಿದೆ. ಇವತ್ತು ಹಿಮ ಗಟ್ಟಿದ ಸೊಗಸಾದ ಹವೆ, ಅದಕ್ಕೇ ನಾನು ಜಾರುವ ಮೆಟ್ಟು ತೆಗೆದುಕೊಂಡು ಜಾರಲು ಹೋಗುತ್ತೇನೆ ಎಂದು ಅದರ ಅರ್ಥ. ಕೆರೆ ಕಲ್ಲಾಗುವಂಥ ಚಳಿ ಅಲ್ಲಿ ಸೊಗಸು, ಆಟಕ್ಕೆ ಕರೆಯುವಂಥದ್ದು. ಆ ನಾಡಿನವನೇ ಚಳಿಗೆ ಸ್ವಂತ ಬೇರು ಕೊಡದೆ ಹೋದದ್ದು ನನಗೆ ಇವತ್ತಿಗೂ ಅಚ್ಚರಿ.

ಇನ್ನೊಂದು ಪದ ಹೇಳುತ್ತೇನೆ, ಅದು ನಿಮಗೆ ಸಮಾಧಾನ ಕೊಡಬಹುದು. ನೆಗಡಿಯಾದಾಗ ಎಸ್ಪೆರಾಂತೋದವರು ‘ಮಿ ಮಾಲ್ವಾರ್ಮೂಮಿಸ್’ ಅನ್ನುತ್ತಾರೆ. ಚಳಿಯ ಪದಕ್ಕೇ ‘ಊಮ್’ ಎಂಬ ಪ್ರತ್ಯಯ ಸೇರಿದೆ. ಈ ‘ಊಮ್’ಗೆ ಗೊತ್ತಾದ ಅರ್ಥವೇ ಇಲ್ಲ. ಬೇರಿಗೆ ಹೇಗೋ ಸಂಬಂಧಪಟ್ಟದ್ದು, ಆದರೆ ಬೇರೆ ಯಾವ ಪ್ರತ್ಯಯವೂ ಹೊಂದುವುದಿಲ್ಲ ಎಂದಾಗ ಅದನ್ನು ಹಾಕುತ್ತಾರೆ. ಚಳಿಗೂ ಮೂಗು ಸೋರುವುದಕ್ಕೂ ಸಂಬಂಧವೇನು ಎಂದು ಬಿಡಿಸಿ ಹೇಳದೆ ಮುಂದೆ ಹೋಗುವ ಜಾಣತನ. ನಾವೂ ಅದನ್ನೇ ಮಾಡುತ್ತೇವೆ. ಶೀತ ಅಂದರೆ ತಂಪು; ‘ಮಗೂಗೆ ಶೀತ ಆಗಿದೆ’ ಅಂದರೆ ನೆಗಡಿ. ಥಂಡಿ ಆಗೇದ ಎಂದರೂ ಅದೇ.

ಹಾಗೆಯೇ ಕನ್ನಡದಲ್ಲಿ ಇದ್ದು ಅಲ್ಲಿಲ್ಲದ ಒಂದು ಪದ: ‘ಆರು’. ಅನ್ನ ಆರಿತು, ಚಹಾ ಆರಿಹೋಯಿತು. ಎಸ್ಪೆರಾಂತೋ ಇದನ್ನು ‘ಮಾಲ್ವಾರ್ಮೀಜಿಸ್’ ಎಂದು ಮೂರು ತುಂಡು ಜೋಡಿಸಿ ಹೇಳುತ್ತದೆ, ಎದುರು, ಬಿಸಿ, ಆಯಿತು. ನಮ್ಮದು ಒಂದೇ ಧಾತು. ಬಟ್ಟೆ ಒಣಗಿದರೂ ಆರುವುದೇ, ದೀಪ ನಂದಿದರೂ ಆರುವುದೇ. ಬಿಸಿ, ತೇವ, ಬೆಳಕು ಮೂರೂ ಹೊರಟುಹೋಗುವ ಬಗೆ ಒಂದೇ ಎಂದು ಕಂಡವರ್‍ಯಾರೋ ಈ ಪದವನ್ನು ಬಳಕೆಗೆ ತಂದರು. ಮೊಮ್ಮಗಳಿಗೆ ಇದನ್ನೂ ತೋರಿಸಿ ರಾಯರೇ.

ಪ್ರಶ್ನೆ: ಮಂಜು ಅನ್ನುವುದಕ್ಕೆ ಎಸ್ಪೆರಾಂತೋದಲ್ಲಿ ಏನು?
– ಓದುಗ, ಮಡಿಕೇರಿ

ಉತ್ತರ: ಯಾವ ಮಂಜು ಎಂದು ನೀವು ಮೊದಲು ಹೇಳಬೇಕು. ನಿಮ್ಮೂರಿನಲ್ಲಿ ಬೆಳಿಗ್ಗೆ ಎದುರಿನ ಗುಡ್ಡವನ್ನು ಮುಚ್ಚುವ ಮಂಜು ‘ನೆಬೂಲೋ’. ಹಿಮಾಲಯದಲ್ಲಿ ಬೀಳುವುದನ್ನೂ ನಾವು ಮಂಜು ಅನ್ನುತ್ತೇವೆ, ಅದು ‘ನೇಜೋ’. ಹುಲ್ಲಿನ ತುದಿಯ ಇಬ್ಬನಿ ‘ರೋಸೋ’. ಮಂಜು ಬೀಳುತ್ತಿದೆ ಅನ್ನುವ ನಮ್ಮ ಒಂದು ವಾಕ್ಯ ಅಲ್ಲಿ ಎರಡಾಗುತ್ತದೆ: ‘ನೇಜಾಸ್’ ಅಂದರೆ ಹಿಮ ಬೀಳುತ್ತಿದೆ, ‘ಎಸ್ತಾಸ್ ನೆಬೂಲೆ’ ಅಂದರೆ ಮಂಜು ಕವಿದಿದೆ. ಕೊನೆಯ ‘-ಎ’ ಗಮನಿಸಿದಿರಾ? ಉಡುಪಿಯವರಿಗೆ ಹೇಳಿದ್ದೇ ಇಲ್ಲೂ.

ಪ್ರಶ್ನೆ: ನಮಸ್ತೆ ಟೀಚರ್. ನಾನು ಬಳ್ಳಾರಿಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಒಂದು ಕಲ್ಪಿತ ಮರುಭೂಮಿಯ ಜನರ ಬಗ್ಗೆ ಕಥೆ ಬರೆಯುತ್ತಿದ್ದೇನೆ. ಅವರಿಗೆ ಒಂದು ಭಾಷೆ ಮಾಡುತ್ತಿದ್ದೇನೆ. ‘ಬಿಸಿಲು ಜಾಸ್ತಿ’, ‘ಮಳೆ ಬಂತು’ ಇವನ್ನೆಲ್ಲ ಕನ್ನಡದ ಥರವೇ ಮಾಡಿದರೆ ಕಾಪಿ ಹೊಡೆದ ಹಾಗಾಗುತ್ತದಾ? ಬೇರೆ ಹೇಗೆ ಮಾಡಬಹುದು?
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ನಿನ್ನ ಪತ್ರವನ್ನು ನಾನು ಮೂರು ಸಲ ಓದಿದೆ ಮಗೂ. ಹದಿನೇಳರ ವಯಸ್ಸಿನಲ್ಲಿ ಒಂದು ಜನಾಂಗಕ್ಕೆ ನಾಲಿಗೆ ಕೊಡಲು ಕೂತಿದ್ದೀಯ, ಬಿಡಬೇಡ. ಜಾಮೆನ್‌ಹಾಫ್ ಕೂಡ ತನ್ನ ಭಾಷೆಯ ಮೊದಲ ಕರಡು ಮುಗಿಸಿದ್ದು ಹೈಸ್ಕೂಲು ದಾಟುವ ಮೊದಲೇ, 1878ರಲ್ಲಿ.

ಬೇರೆಯವರು ಏನೇನು ಮಾಡಿದ್ದಾರೆ ನೋಡು. ‘ಅವತಾರ್’ ಚಿತ್ರದ ನಾವಿ ಜನರಿಗೆ ಭಾಷೆ ಮಾಡಿಕೊಟ್ಟ ಪಾಲ್ ಫ್ರಾಮರ್, ಮಳೆಗೆ ‘ತೊಂಪಾ ಝುಪ್’ ಎಂದ. ತೊಂಪಾ ಮಳೆ, ಝುಪ್ ಬೀಳು. ಮಳೆ ಬೀಳುತ್ತದೆ, ಅಷ್ಟೇ. ನಮ್ಮ ಅಜ್ಜಿಯೂ ಹಾಗೇ ಹೇಳುತ್ತಿದ್ದರು. ಬೇರೆ ಗ್ರಹದ ಜನ ಎಂದ ಮಾತ್ರಕ್ಕೆ ಎಲ್ಲವನ್ನೂ ತಲೆಕೆಳಗು ಮಾಡಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಸೋನ್ಯಾ ಲ್ಯಾಂಗ್ ಎಂಬ ಕೆನಡಾದವರು 2001ರಲ್ಲಿ ಹೊರತಂದ ತೋಕಿ ಪೋನಾ ಭಾಷೆಯಲ್ಲಿ ಇರುವುದು ಸುಮಾರು 120 ಪದಗಳು. ಮಳೆಗೆ ಪದವಿಲ್ಲ. ‘ತೆಲೋ ಲಿ ಕಾಮ ತಾನ್ ಸೆವಿ’ ಅನ್ನಬೇಕು, ನೀರು ಮೇಲಿನಿಂದ ಬರುತ್ತದೆ. ಆ ‘ಸೆವಿ’ಗೆ ಮೇಲೆ, ಆಕಾಶ, ದೈವ ಮೂರೂ ಅರ್ಥ. ಮಳೆರಾಯ ಇಲ್ಲಿ ಹಿಂದಿನ ಬಾಗಿಲಿನಿಂದ ಒಳಗೆ ಬಂದ ಹಾಗಿದೆ. ಶಾಖಕ್ಕೆ ‘ಸೆಲಿ’, ಬೆಂಕಿಗೂ ಅದೇ, ಚಳಿಗೆ ‘ಲೆತೆ’. ಇಲ್ಲಿ ಚಳಿಗೆ ಸ್ವಂತ ಪದವಿದೆ, ಧಾರವಾಡದ ರಾಯರು ಗಮನಿಸಬೇಕು.

ನಿನಗೆ ಹೆಚ್ಚು ಉಪಯೋಗವಾಗುವುದು ಲೋಜ್‌ಬಾನ್. ತರ್ಕಶಾಸ್ತ್ರದ ಮೇಲೆ ಕಟ್ಟಿದ ಭಾಷೆ ಅದು. ಅದರ ಪ್ರತಿ ಕ್ರಿಯಾಪದಕ್ಕೂ ಗೊತ್ತಾದ ಮನೆಗಳಿರುತ್ತವೆ. ಮಳೆಯ ಪದ ‘ಶರ್ವಿ’. ಅದಕ್ಕೆ ಮೂರು ಮನೆ: ಏನು ಸುರಿಯುತ್ತಿದೆ, ಎಲ್ಲಿಗೆ, ಎಲ್ಲಿಂದ. ಬೇಡವಾದರೆ ಮೂರನ್ನೂ ಖಾಲಿ ಬಿಟ್ಟು ‘ಶರ್ವಿ’ ಎಂದಷ್ಟೇ ಕೂಗಬಹುದು, ಅಂಗಳದಲ್ಲಿ ಹಪ್ಪಳ ಒಣಹಾಕಿದವರು ‘ಮಳೆ!’ ಎಂದು ಕೂಗುವ ಹಾಗೆ. ಬಿಸಿಯ ಪದ ‘ಗ್ಲಾರೆ’. ಅದಕ್ಕೆ ಎರಡು ಮನೆ: ಯಾವುದು ಬಿಸಿ, ಯಾವ ಅಳತೆಗೋಲಿನಲ್ಲಿ ಬಿಸಿ. ಈ ಎರಡನೇ ಮನೆ ಮೊದಲ ಸಲ ಕಂಡಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. 32 ಡಿಗ್ರಿ ಮೈಸೂರಿನವರಿಗೆ ಸೆಕೆ, ನಿಮ್ಮ ಬಳ್ಳಾರಿಯಲ್ಲಿ ಮೇ ತಿಂಗಳಲ್ಲಿ 32 ಅಂದರೆ ತಂಪು ಹೊತ್ತು. ನಾವು ಸೆಕೆ ಅಂದಾಗಲೆಲ್ಲ ಯಾರದೋ ಅಳತೆಗೋಲು ಮಾತಿನ ಅಡಿಯಲ್ಲಿ ಇದ್ದೇ ಇರುತ್ತದೆ. ಲೋಜ್‌ಬಾನ್ ಅದಕ್ಕೆ ವಾಕ್ಯದೊಳಗೆ ಜಾಗ ಕೊಟ್ಟಿದೆ. ನಿನ್ನ ಮರುಭೂಮಿಯವರಲ್ಲಿ ಊರಿಗೆ ಹೊಸದಾಗಿ ಬಂದವನ ಸೆಕೆಗೂ ಅಲ್ಲೇ ಹುಟ್ಟಿದವನ ಸೆಕೆಗೂ ಬೇರೆ ಪ್ರತ್ಯಯ ಇದ್ದರೆ ಹೇಗೆ? ಒಬ್ಬ ಬಾಯಿ ತೆರೆದ ಕ್ಷಣ ಅವನು ಎಲ್ಲಿಯವನು ಎಂದು ಗೊತ್ತಾಗುತ್ತದೆ. ಕಥೆಗೆ ಅದು ಕೆಲಸಕ್ಕೆ ಬರುತ್ತದೆ.

ಕಾಪಿಯ ಮಾತಿಗೆ ಬರುತ್ತೇನೆ. ಕನ್ನಡದಿಂದ ತೆಗೆದುಕೊಳ್ಳುವುದು ಕಾಪಿಯಲ್ಲ, ಮನೆಯ ಕಣಜದಿಂದ ಬೀಜ ತೆಗೆದುಕೊಂಡ ಹಾಗೆ. ಆದರೆ ಪದ ತೆಗೆದುಕೊಳ್ಳಬೇಡ, ನೋಡುವ ಬಗೆ ತಗೊ. ನಾನು ಬೆಳೆದದ್ದು ಆಗುಂಬೆಯ ಕಡೆ, ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಜಾಗ. ಅಲ್ಲಿ ‘ಮಳೆ ಬರುತ್ತಿದೆ’ ಎಂದು ಮಳೆಗಾಲದಲ್ಲಿ ಯಾರೂ ಹೇಳುತ್ತಿರಲಿಲ್ಲ, ಹೇಳುವಂಥ ಸುದ್ದಿಯೇ ಅಲ್ಲ ಅದು. ಸುದ್ದಿ ಎಂದರೆ ‘ಹೊಳವಾಯ್ತು’. ಎಡೆಬಿಡದ ಮಳೆಯ ನಡುವೆ ಸ್ವಲ್ಪ ಹೊತ್ತು ಬಿಡುವು ಕೊಟ್ಟರೆ ಅದು ಹೊಳವು. ಹೊಳವು ನೋಡಿಕೊಂಡು ಅಡಿಕೆ ಮರಕ್ಕೆ ಔಷಧಿ ಹೊಡೆಯಬೇಕು, ಹೊಳವು ನೋಡಿಕೊಂಡು ಶಾಲೆಗೆ ಓಡಬೇಕು. ಮಳೆಗೂ ಅಲ್ಲಿ ನಕ್ಷತ್ರದ ಹೆಸರು: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದು ಹದಿಮೂರು-ಹದಿನಾಲ್ಕು ದಿನ. ‘ಆರಿದ್ರಾ ಹಿಡೀತು’ ಅಂದರೆ ಕರ್ತೃ, ಕಾಲ, ಮಳೆಯ ಸ್ವಭಾವ ಎಲ್ಲ ಒಟ್ಟಿಗೆ ಬಂದಂತೆ. ನಿಮ್ಮ ಬಯಲುಸೀಮೆಯಲ್ಲೂ ಈ ಹೆಸರುಗಳಿವೆ, ಬಿತ್ತನೆಯ ಲೆಕ್ಕ ಅವುಗಳ ಮೇಲೇ ನಡೆಯುತ್ತದೆ. ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೋ.

ಈಗ ನಿನ್ನ ಜನರನ್ನು ನೋಡೋಣ. ಅವರಿಗೆ ಸುದ್ದಿ ಯಾವುದು? ಬಿಸಿಲು ಸುದ್ದಿಯಲ್ಲ, ಅದು ದಿನವೂ ಇದೆ. ದಿನವೂ ಇರುವುದಕ್ಕೆ ಕರ್ತೃವೇ ಬೇಕಾಗಲಿಕ್ಕಿಲ್ಲ, ಪೂರ್ತಿ ಕ್ರಿಯಾಪದವೂ ಬೇಡವೇನೋ, ವಾಕ್ಯದ ಕೊನೆಗೆ ಅಂಟುವ ಒಂದು ಅಕ್ಷರ ಸಾಕು. ಏಳು ವರ್ಷಕ್ಕೊಮ್ಮೆ ಬರುವ ಮಳೆಗೆ ಮಾತ್ರ ಪೂರ್ತಿ ವಾಕ್ಯ ಬೇಕು. ಅದಕ್ಕೆ ಹೆಸರು, ಲಿಂಗ, ಗೌರವದ ಬಹುವಚನ ಎಲ್ಲ ಕೊಡು, ನಮ್ಮಲ್ಲಿ ದೊಡ್ಡವರು ಬಂದರೆ ‘ಬಂದರು’ ಅನ್ನುವ ಹಾಗೆ. ನೆರಳಿಗೆ ಎಷ್ಟು ಪದ ಬೇಕಾಗುತ್ತದೆ? ಬಂಡೆಯ ನೆರಳು, ಒಂಟೆಯ ನೆರಳು, ಮೋಡದ ನೆರಳು ಬೇರೆ ಬೇರೆಯೇ? ಮರುಭೂಮಿಯಲ್ಲಿ ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಆಕಾಶದಲ್ಲಿ ಶಾಖವನ್ನು ಹಿಡಿದಿಡುವ ಮೋಡ-ತೇವ ಇರುವುದಿಲ್ಲ. ಅದಕ್ಕೇ ಸುಡುವ ಹಗಲಿನ ಬೆನ್ನಿಗೆ ನಡುಗುವ ರಾತ್ರಿ. ಆ ಎರಡರ ನಡುವೆ, ಮರಳು ಇನ್ನೂ ಬೆಚ್ಚಗಿದ್ದು ಗಾಳಿ ಆಗಲೇ ತಣ್ಣಗಾದ ಒಂದು ಗಳಿಗೆ ಇರುತ್ತದೆ. ಅಂಗಾಲಿಗೆ ಒಂದು, ಮುಖಕ್ಕೆ ಒಂದು. ನಮ್ಮ ಭಾಷೆಗಳಲ್ಲಿ ಅದಕ್ಕೆ ಹೆಸರು ನನಗೆ ಸಿಕ್ಕಿಲ್ಲ, ನಿನ್ನ ಜನರಿಗೆ ಅದು ಇರಲೇಬೇಕು. ಅವರು ಹೊರಗೆ ಬಂದು ಕೂತು ಕಥೆ ಹೇಳುವ ಹೊತ್ತು ಅದೇ ಅಲ್ಲವೇ?

ಹವೆಯ ಮೇಲೆ ಹತ್ತು ವಾಕ್ಯ ಕಟ್ಟಿ ಕಳಿಸು, ಪಕ್ಕದಲ್ಲಿ ಕನ್ನಡ ಅರ್ಥ ಬರೆದು. ಒಂದೊಂದರ ಎದುರೂ ‘ಯಾವುದು?’, ‘ಯಾರಿಗೆ?’, ‘ಯಾರ ಅಳತೆಯಲ್ಲಿ?’ ಎಂಬ ಮೂರು ಪ್ರಶ್ನೆ ಕೇಳಿ ನೋಡಿ ಆಮೇಲೆ ಕಳಿಸು. ನಾನು ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸು ಅಂಚೆಗೆ ಹಾಕುತ್ತೇನೆ. ಪರೀಕ್ಷೆ ಮುಗಿದ ಮೇಲೆಯೇ ಬರೆ, ಅವಸರವಿಲ್ಲ.